ತೊಗರಿ ಹೂವಿಗೆ ಬೇಡವಾದ ಇಬ್ಬನಿ, ತೊಟ್ಟಿಲಿಗೆ ಬೇಕಾದ ಇಬ್ಬನಿ

ಹೋದ ನವೆಂಬರಿನಲ್ಲಿ ಆಳಂದ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ತಂಗಿಯ ಮಗಳ ಕೂಸನ್ನು ತೊಟ್ಟಿಲಿಗೆ ಹಾಕಿದರು. ಕೂಸಿನ ಸೋದರತ್ತಿ ಬಗ್ಗಿ, ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದಳು. ಸುತ್ತ ನಿಂತ ಹೆಣ್ಣುಮಕ್ಕಳು ನಗುತ್ತಾ ಅವಳ ಬೆನ್ನಿಗೆ ಗುದ್ದಿದರು. ಗುಗ್ಗರಿ ಹಂಚಿದರು. ಎಲ್ಲ ಮುಗಿದ ಮೇಲೆ, ಕಟ್ಟೆಯ ಮೇಲೆ ಕೂತಿದ್ದ ತಂಗಿಯ ಮಾವ, ಎಂಬತ್ತು ದಾಟಿದ ಮುತ್ಯಾ, ಕೇಳಿದ:

“ಏನು ಹೆಸರಿಟ್ರಿ?”

“ಇಬ್ಬನಿ ಅಂತ, ಮುತ್ಯಾ.”

“ಹಂಗಂದ್ರ?”

“ಮುಂಜಾನಿ ಎಲಿ ಮ್ಯಾಲ ನೀರಿನ ಹನಿ ಇರ್ತಾವಲ್ಲಾ, ಅದು.”

“ಮಂಜು ಅನ್ನು, ಮತ್ತ.” ಸ್ವಲ್ಪ ಹೊತ್ತು ಸುಮ್ಮನಿದ್ದ. “ಈಗ ತೊಗರಿ ಹೂವಿಗಿ ಬಂದದ. ಮಂಜು ಬಿದ್ರ ಹೂವೆಲ್ಲಾ ಉದುರ್ತಾದ. ಊರಾಗ ಮಂದಿಯೆಲ್ಲಾ ಮಂಜು ಬ್ಯಾಡಪ್ಪಾ ಅಂತ ಬೇಡ್ಕೊಳ್ಳಾಗ ನೀವು ಕೂಸಿಗಿ ಅದೇ ಹೆಸರಿಟ್ರೆಲ್ಲಾ!”

ಕೂಸಿನ ತಾಯಿ ನಕ್ಕುಬಿಟ್ಟಳು. ನನಗೆ ಆ ಮಾತು ತಲೆಯಲ್ಲಿ ಕೂತಿತು. ಕಲಬುರಗಿಯಲ್ಲಿ ಕನ್ನಡ ಕಲಿಸುತ್ತಾ, ದಿನಾ ಬೆಳಿಗ್ಗೆ ಹಾಜರಿ ಕರೆಯುತ್ತಾ ಇಪ್ಪತ್ತು ವರ್ಷ ಕಳೆದವನು ನಾನು. ಹಾಜರಿ ಪುಸ್ತಕದಲ್ಲಿ ಶರಣಬಸಪ್ಪ, ಭೀಮಾಶಂಕರ, ಭಾಗಮ್ಮ ಕಡಿಮೆಯಾಗುತ್ತಾ ಬಂದು, ಅವನಿ, ಧರಣಿ, ವಿಹಾನ್, ಇಂಚರ, ಮುಗಿಲ್ ತುಂಬಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಂಧುಗಳಲ್ಲಿ ಯಾರಿಗೆ ಕೂಸು ಹುಟ್ಟಿದರೂ ಮೊದಲ ಫೋನು ನನಗೇ: “ಸರ್, ಒಂದು ಛಲೋ ಕನ್ನಡ ಹೆಸರು ಹೇಳ್ರಿ. ನೇಚರ್ ಇರಬೇಕು, ಸಣ್ಣದಿರಬೇಕು, ಯಾರೂ ಇಟ್ಟಿರಬಾರದು.” ಈ ಮೂರು ಷರತ್ತಿಗೂ ಒಟ್ಟಿಗೆ ಒಗ್ಗುವ ಹೆಸರುಗಳಲ್ಲಿ ಇಬ್ಬನಿ ಒಂದು. ಮೂರನೆಯ ಷರತ್ತಿಗೆ ಎಷ್ಟು ದಿನ ಒಗ್ಗುತ್ತದೋ ನೋಡಬೇಕು.

ಮುತ್ಯಾನ ಆಕ್ಷೇಪವನ್ನು ಮೊದಲು ನೋಡೋಣ. ಅದು ಮುದುಕನ ಗೊಣಗಾಟವಲ್ಲ. ಕಲಬುರಗಿಯನ್ನು ತೊಗರಿ ಕಣಜ ಅನ್ನುತ್ತಾರೆ. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಆಚೀಚೆ ಹೂವಾಗುತ್ತದೆ. ಆಗ ನಾಲ್ಕು ದಿನ ಮೋಡ ಮುಸುಕಿ, ಬೆಳಗಿನ ಜಾವ ದಟ್ಟ ಮಂಜು ಕವಿದರೆ ಹಳದಿ ಹೂವು ಗಿಡದ ಬುಡದಲ್ಲಿ ಹಾಸಿಗೆಯಂತೆ ಬಿದ್ದಿರುತ್ತದೆ. ಹೂವು ಹೋದರೆ ಕಾಯಿ ಇಲ್ಲ, ಕಾಯಿ ಇಲ್ಲದಿದ್ದರೆ ಸಾಲ ತೀರುವುದಿಲ್ಲ. ಹೂವು ಉದುರುವುದನ್ನು ತಡೆಯಲೆಂದೇ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ‘ಪಲ್ಸ್ ಮ್ಯಾಜಿಕ್’ ಎಂಬ ಸಿಂಪಡಣೆಯ ಪುಡಿಯನ್ನು ಮಾಡಿ ಕೊಟ್ಟಿದೆ. ಗಾಳಿಯಲ್ಲಿ ತೇಲುವ ಮಂಜು ಬೇರೆ, ನಿರಭ್ರ ರಾತ್ರಿಯಲ್ಲಿ ನೆಲ–ಎಲೆಗಳು ತಣ್ಣಗಾಗಿ ಅವುಗಳ ಮೈಮೇಲೆಯೇ ಕಟ್ಟುವ ಇಬ್ಬನಿ ಬೇರೆ ಎಂದು ಪಾಠದಲ್ಲಿ ನಾನು ಹೇಳಬಲ್ಲೆ. ಮುತ್ಯಾನ ಬಾಯಲ್ಲಿ ಎರಡೂ ಮಂಜೇ, ಎರಡೂ ತೊಗರಿಯ ಹೂವನ್ನು ತೋಯಿಸುತ್ತವೆ.

ಆದರೆ ಅದೇ ಹೊಲದ ಮಗ್ಗುಲಿಗೆ ಕಡಲೆ ಇದ್ದರೆ ಮಾತು ತಿರುಗುತ್ತದೆ. ಹಿಂಗಾರಿಯ ಕಡಲೆ, ಬಿಳಿ ಜೋಳ ಎರಡೂ ಕರಿ ಎರೆಯಲ್ಲಿ ಉಳಿದ ಹಸಿಯ ಮೇಲೆಯೇ ಬದುಕುವ ಬೆಳೆಗಳು. ಮಳೆ ನಿಂತ ಮೇಲೆ ತಂಪು ರಾತ್ರಿ, ಎಲೆ ನೆನೆಯುವಷ್ಟು ಇಬ್ಬನಿ ಇದ್ದರೆ ರೈತನಿಗೆ ಸಮಾಧಾನ. ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ಒಸರುತ್ತವೆ (ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳು). ರಾತ್ರಿ ಇಬ್ಬನಿ ಬಿದ್ದಾಗ ಆ ಹುಳಿ ನೀರಿನಲ್ಲಿ ಕರಗುತ್ತದೆ. ನಮ್ಮ ಆಯಿ ಸಂಜೆ ಹೊಲಕ್ಕೆ ಹೋಗಿ ಬಿಳಿ ಅರಿವೆಯೊಂದನ್ನು ಗಿಡಗಳ ಮೇಲೆ ಹಾಸಿ ಬರುತ್ತಿದ್ದಳು, ಹೊತ್ತು ಏರುವ ಮೊದಲೇ ಹೋಗಿ ಅದನ್ನು ಹಿಂಡಿ ಸೀಸೆಗೆ ತುಂಬುತ್ತಿದ್ದಳು. ಹಿಂಡುವಾಗ ಕೈಯಲ್ಲಿ ಗೀರು ಇದ್ದರೆ ಚುರ್ರ್ ಅನ್ನುತ್ತಿತ್ತು. ಆ ಕಡಲೆ ಹುಳಿ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟೆನೋವು, ಅಜೀರ್ಣ ಎಂದರೆ ಒಂದು ಚಮಚೆ ನೀರಿಗೆ ಬೆರೆಸಿ ಕುಡಿಸುತ್ತಿದ್ದಳು. ನಮ್ಮ ಕಡೆಯವರಿಗೆ ಇಬ್ಬನಿ ಅಂದರೆ ಹೀಗೆ: ಒಂದು ಹೊಲದಲ್ಲಿ ಕೇಡು, ಪಕ್ಕದ ಹೊಲದಲ್ಲಿ ಮದ್ದು. ಹೆಸರಿಡುವ ಹೊಸ ತಂದೆತಾಯಿಗಳಿಗೆ ಇಬ್ಬನಿ ಅಂದರೆ ಮೊಬೈಲಿನ ಪರದೆಯ ಮೇಲೆ ಹಸಿರು ಎಲೆ, ಅದರ ತುದಿಗೆ ಒಂದು ಹನಿ, ಹನಿಯೊಳಗೆ ಸೂರ್ಯ.

ಇಲ್ಲಿಗೇ ನಿಲ್ಲಿಸಿ, ನಗರದವರು ಹೊಲ ಮರೆತರು ಎಂದು ಬೈದು ಲೇಖನ ಮುಗಿಸಬಹುದಿತ್ತು. ಆದರೆ ಹಳೆಯ ಹೆಸರುಗಳಲ್ಲಿ ನಿಸರ್ಗ ಇರಲಿಲ್ಲವೇ? ತುಂಬಾ ಇತ್ತು, ಬೇರೆ ಬಾಗಿಲಿನಿಂದ ಬರುತ್ತಿತ್ತು ಅಷ್ಟೇ.

ಕಲ್ಲಪ್ಪ, ಗುಂಡಪ್ಪ, ಗಂಗಮ್ಮ, ನಾಗಪ್ಪ, ಅಡಿವೆಪ್ಪ. ಕಲ್ಲು, ಗುಂಡು, ಹೊಳೆ, ಹಾವು, ಅಡವಿ. ನಮ್ಮ ಭಾಗದ ಮನೆಮನೆಯಲ್ಲೂ ಇರುವ ಮಲ್ಲಿಕಾರ್ಜುನನನ್ನೇ ಬಿಡಿಸಿ ನೋಡಿ: ಮೊದಲಿಗೆ ಮಲ್ಲಿಗೆ, ಆಮೇಲೆ ಬಿಳುಪು ಎಂಬ ಅರ್ಥವೂ ಇರುವ ಅರ್ಜುನ. ಬಸವಣ್ಣ ಅಂದರೆ ಎತ್ತು. ಭೀಮಬಾಯಿ, ಭೀಮರಾಯ ಎಂದು ಕರೆದಾಗ ಪಾಂಡವರ ಭೀಮನ ಜೊತೆಗೆ ಊರ ಮುಂದಿನ ಭೀಮಾ ನದಿಯೂ ಓಗೊಡುತ್ತದೆ. ಆದರೆ ಆ ಹೆಸರಿಟ್ಟವರು ಮಲ್ಲಿಗೆಯನ್ನೋ ಕಲ್ಲನ್ನೋ ಮೆಚ್ಚಿ ಇಟ್ಟವರಲ್ಲ. ಹರಕೆ ಹೊತ್ತಿದ್ದರು, ತೀರಿಸಿದರು. ಘತ್ತರಗಿಯ ಭಾಗ್ಯವಂತಿ ತಾಯಿ ಕೊಟ್ಟ ಮಗಳು ಭಾಗಮ್ಮ, ದತ್ತಾತ್ರೇಯನ ಗಾಣಗಾಪುರಕ್ಕೆ ನಡೆದುಕೊಂಡ ಮೇಲೆ ಹುಟ್ಟಿದವನು ದತ್ತಪ್ಪ, ತಿಂಥಣಿಯ ಮೌನೇಶ್ವರನ ಕೃಪೆಯಿಂದಾದವನು ಮೌನೇಶ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಸಾವಿನ ಕಣ್ಣು ತಪ್ಪಿಸಲೆಂದು ಕೂಸಿಗೆ ತಿಪ್ಪೆಯ ಹೆಸರೇ ಇಟ್ಟು ತಿಪ್ಪಣ್ಣ, ತಿಪ್ಪವ್ವ ಎಂದರು. ತಿಪ್ಪೆಯೂ ನಿಸರ್ಗವೇ, ಆದರೆ ಅದನ್ನು ಯಾರೂ ಈಗ ಪಟ್ಟಿಗೆ ಸೇರಿಸುವುದಿಲ್ಲ.

ಉಳಿದಂತೆ ಹೆಸರು ಮನೆಯ ಸತ್ತವರದಾಗಿತ್ತು. ಮುತ್ಯಾನ ಹೆಸರು ಮೊಮ್ಮಗನಿಗೆ. ಅದರಲ್ಲೊಂದು ತಮಾಷೆಯ ತೊಡಕಿತ್ತು: ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ, ಆದ್ದರಿಂದ ತಾನು ಹೆತ್ತ ಮಗನನ್ನು ಅವನ ಹೆಸರಿನಿಂದ ಕರೆಯುವ ಅಧಿಕಾರವೇ ಅವಳಿಗಿರಲಿಲ್ಲ. ಅಪ್ಪು, ಪಪ್ಪು, ಸಾವ್ಕಾರ ಎಂದು ಏನಾದರೊಂದು ಮನೆ ಹೆಸರು ಹುಟ್ಟುತ್ತಿತ್ತು. ಇಬ್ಬನಿ ಎಂದು ಹೆಸರಿಟ್ಟ ನನ್ನ ಸೋದರ ಸೊಸೆ ಅಂಥದೇ ಮನೆಯ ಮೊಮ್ಮಗಳು. ತಾನು ಹೆತ್ತ ಮಗಳನ್ನು ಬಾಯಿತುಂಬ ಕರೆಯುವ ಹೆಸರನ್ನು ತಾನೇ ಹುಡುಕಿ ಇಟ್ಟ ಮೊದಲ ಹೆಣ್ಣು ಆ ಮನೆಯಲ್ಲಿ ಅವಳೇ ಇರಬೇಕು. ಹೆಣ್ಣುಮಕ್ಕಳ ಹಳೆಯ ಹೆಸರುಗಳಲ್ಲಿ ಇನ್ನೂ ಕಹಿಯಾದದ್ದೊಂದಿದೆ: ಸಾಕವ್ವ. ಮೂರನೆಯದೋ ನಾಲ್ಕನೆಯದೋ ಹೆಣ್ಣಾದಾಗ, ಇನ್ನು ಸಾಕು ಎಂದು ದೇವರಿಗೆ ಹಾಕಿದ ಅರ್ಜಿ ಆ ಹೆಸರು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇದಕ್ಕೆ ನಕೋಶಿ, ನಕುಸಾ ಎನ್ನುತ್ತಾರೆ, ಬೇಡವಾದವಳು ಎಂದರ್ಥ. 2011ರಲ್ಲಿ ಸಾತಾರಾ ಜಿಲ್ಲಾಡಳಿತ ಅಂಥ ನೂರಾರು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಡಬೇಕಾಯಿತು. ಸಾಕವ್ವನಿಂದ ಇಬ್ಬನಿಗೆ ಬಂದ ದಾರಿಯನ್ನು ಫ್ಯಾಷನ್ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಜಾತಿಯ ಮಾತೂ ಇದೆ. ಅಪ್ಪ, ಅಯ್ಯ, ಅಣ್ಣ, ಬಾಯಿ: ನಮ್ಮ ಕಡೆ ಹೆಸರಿನ ಬಾಲ ಕೇಳಿದರೆ ಸಾಕು, ಓಣಿ ಯಾವುದು, ಯಾರ ಮನೆಯ ಕಟ್ಟೆ ಏರಬಹುದು, ಯಾರದು ಏರಬಾರದು ಎಂಬುದನ್ನೆಲ್ಲ ಹಿರಿಯರು ಲೆಕ್ಕ ಹಾಕಿಬಿಡುತ್ತಿದ್ದರು. ಕೆಳಗಿನ ಓಣಿಯ ಮಕ್ಕಳಿಗೆ ಒಳ್ಳೆಯ ಹೆಸರಿಟ್ಟರೆ ಗೌಡರ ಮನೆಯವರು ಮುಖ ಸಿಂಡರಿಸುತ್ತಿದ್ದ ಕಾಲ ಇನ್ನೂ ಬದುಕಿರುವವರ ನೆನಪಿನಲ್ಲಿದೆ. ಆಕಾಶ, ಮಳೆ, ಹನಿ, ಬೆಳಕು ಯಾವ ಓಣಿಗೂ ಸೇರಿದವಲ್ಲ. ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ನೌಕರಿಗೆ ಹೋದ ತಂದೆತಾಯಿಗಳು ಇಂಥ ಹೆಸರು ಆರಿಸುವುದರಲ್ಲಿ ಈ ಲೆಕ್ಕ ಖಂಡಿತ ಇದೆ, ಬಾಯಿಬಿಟ್ಟು ಹೇಳದಿದ್ದರೂ. ಅದು ಪೂರ್ತಿ ಫಲಿಸುವುದಿಲ್ಲ ಎಂಬುದು ಬೇರೆ. ಹಾಜರಿ ಪುಸ್ತಕದಲ್ಲಿ ಇಬ್ಬನಿಯ ಮುಂದೆ ಪಾಟೀಲ, ಕುಂಬಾರ, ತಳವಾರ, ಬಡಿಗೇರ ಎಂದು ಅಡ್ಡಹೆಸರು ಬಂದು ಕೂರುತ್ತದೆ; ಹನಿ ಎಷ್ಟು ತಿಳಿಯಾಗಿದ್ದರೂ ಅದು ಕೂತ ಎಲೆ ಯಾವುದೆಂದು ಕಾಣುತ್ತದೆ.

ಇನ್ನು, ಯಾರೂ ಇಟ್ಟಿರಬಾರದು ಎಂಬ ಮೂರನೆಯ ಷರತ್ತು. ಇಬ್ಬನಿ ಹೊಸ ಹೆಸರು ಎಂದು ನನ್ನ ಸೋದರ ಸೊಸೆ ಹೇಳಿದಾಗ ನನಗೆ ನೆನಪಾದದ್ದು ಕಲಬುರಗಿಯಲ್ಲಿ ನಾವು ಬಾಡಿಗೆಗಿದ್ದ ಓಣಿ. ಎದುರು ಮನೆಯ ಆಪಾ ಒಬ್ಬರ ಹೆಸರು ಶಬನಮ್. ಫಾರ್ಸಿಯಲ್ಲಿ ಶಬ್ ಅಂದರೆ ರಾತ್ರಿ, ನಮ್ ಅಂದರೆ ಹಸಿ, ತೇವ. ಎರಡೂ ಕೂಡಿದರೆ ಇಬ್ಬನಿ. ನಮ್ಮ ಸೀಮೆಯ ಮುಸ್ಲಿಂ ಮನೆಗಳಲ್ಲಿ ಈ ಹೆಸರು ಎಷ್ಟೋ ವರ್ಷಗಳಿಂದ ಇದೆ. ನಸೀಮ್ ತಂಗಾಳಿ, ಮೆಹತಾಬ್ ಚಂದ್ರ, ಆಫ್ತಾಬ್ ಸೂರ್ಯ, ನರ್ಗಿಸ್, ಯಾಸ್ಮೀನ್ ಹೂವುಗಳು. ಇಂದು ನಾವು ಮಾಡರ್ನ್ ಎಂದು ಹುಡುಕುತ್ತಿರುವುದೆಲ್ಲ ಪಕ್ಕದ ಮನೆಯ ಅಂಗಳದಲ್ಲಿ ಅಜ್ಜಿಯ ಹೆಸರಾಗಿ ಮುಪ್ಪಾಗಿ ಕೂತಿದೆ. ಒಂದು ಕಾಲಕ್ಕೆ ಆ ಅಂಗಳದಿಂದ ಈ ಅಂಗಳಕ್ಕೆ ಹೆಸರುಗಳು ಸಲೀಸಾಗಿ ದಾಟುತ್ತಿದ್ದವು. ಸಾಯಬಣ್ಣ, ಫಕೀರಪ್ಪ, ಹುಸೇನಪ್ಪ ಎಂಬ ಹಿಂದೂ ಹೆಸರುಗಳು ದರ್ಗಾಗಳಿಗೆ, ಮೊಹರಮ್ಮಿನ ಅಲಾಯಿಗೆ ಹರಕೆ ಹೊತ್ತ ತಾಯಂದಿರು ಇಟ್ಟವು. ಈಗ ಅರ್ಥ ಒಂದೇ ಆದರೂ ಹೆಸರು ದಾಟುವುದಿಲ್ಲ.

ಊರುಗಳಿಗೂ ಇದೇ ಕಥೆ. ಬೀದರ ಎಂಬ ಹೆಸರು ಬಿದಿರಿನಿಂದ ಬಂದದ್ದು ಎನ್ನುತ್ತಾರೆ. ಗುಲಬರ್ಗಾ ಎಂಬುದನ್ನು ಫಾರ್ಸಿಯ ಗುಲ್, ಬರ್ಗ್ ಎಂದು ಬಿಡಿಸಿ ಹೂವು–ಎಲೆ ಎಂದು ಹೇಳಿದವರಿದ್ದರು. ಕಲಬುರಗಿಯನ್ನು ಕಲ್ಲಿನ ನೆಲ ಎಂದು ಬಿಡಿಸಿದವರಿದ್ದರು. 2014ರ ನವೆಂಬರ್ 1ರಂದು ಸರ್ಕಾರಿ ದಾಖಲೆಯಲ್ಲಿ ಹೂವು ಹೋಗಿ ಕಲ್ಲು ಬಂತು, ನಾವೆಲ್ಲ ಖುಷಿಪಟ್ಟೆವು. ಊರಿಗೆ ಗಟ್ಟಿ ಕಲ್ಲು, ಮಕ್ಕಳಿಗೆ ಮೆತ್ತನೆಯ ಹನಿ.

ಇಬ್ಬನಿ ಎಂಬ ಪದದ ಮೈಕಟ್ಟು ನನಗೆ ಇಷ್ಟ, ಕನ್ನಡ ಮಾಸ್ತರನಾಗಿ ಅದನ್ನು ಹೇಳಲೇಬೇಕು. ಅದರೊಳಗಿನ ಬನಿ ಹಳಗನ್ನಡದ ಪನಿ, ಇಂದಿನ ಹನಿ. ತಮಿಳಿನಲ್ಲಿ ಪನಿ ಅಂದರೆ ಇಂದಿಗೂ ಮಂಜು, ಇಬ್ಬನಿ. ಕನ್ನಡದಲ್ಲಿ ಪಾಲು ಹಾಲಾಗಿ, ಪೂ ಹೂವಾಗಿ, ಪನಿ ಹನಿಯಾದಾಗಲೂ ಸಮಾಸದೊಳಗೆ ಸಿಕ್ಕಿಬಿದ್ದ ಈ ಪನಿ ಬನಿಯಾಗಿ ಉಳಿದುಕೊಂಡಿತು. ಕಿವಿಗೆ ಅದು ಅವನಿ, ಧರಣಿ, ಶಿವಾನಿಗಳ ಸಾಲಿನಲ್ಲೇ ಕೂರುತ್ತದೆ, ಆದ್ದರಿಂದ ಹೊಸದಾಗಿದ್ದರೂ ಅಪರಿಚಿತ ಅನ್ನಿಸುವುದಿಲ್ಲ. ನಡುವಿನ ಬ್ಬ ಮಾತ್ರ ಅಪ್ಪಟ ಕನ್ನಡದ ಮುದ್ರೆ. ಅದೇ ಅರ್ಥದ ತುಷಾರ, ತುಹಿನ, ನೀಹಾರ ಸಂಸ್ಕೃತದಲ್ಲಿವೆ. ಇಷ್ಟು ದಿನ ಹೆಸರು ಅಂದರೆ ಅಲ್ಲಿಂದಲೇ ಬರಬೇಕಿತ್ತು. ಕನ್ನಡದ ಪದ ಮನೆ ಹೆಸರಿಗೆ ಸಾಕು, ಸಾಲಿ ಹೆಸರಿಗೆ ಸಾಲದು ಎಂಬ ಭಾವನೆಯಿತ್ತು. ಇಬ್ಬನಿ, ಇಂಚರ (ಇನಿದಾದ ಸರ, ಹಕ್ಕಿಯ ಉಲಿ), ಸಿರಿ, ಮುಗಿಲ್ ಆ ಗೋಡೆಯನ್ನು ದಾಟಿವೆ. ಮುಗಿಲ್ ನೋಡಿ: ಇಂಗ್ಲಿಷಿನ ರುಚಿಗೆ ಕೊನೆಯ ಉಕಾರ ಕತ್ತರಿಸಿದರು ಎಂದು ನಾನೂ ಮೊದಲು ಮೂಗು ಮುರಿದಿದ್ದೆ. ಹಳಗನ್ನಡದಲ್ಲಿ ಅದು ಮುಗಿಲ್ ಎಂದೇ ಇತ್ತು. ಉಕಾರ ಆಮೇಲೆ ಬಂದದ್ದು. ಸ್ಟೈಲಿಗೆಂದು ಕತ್ತರಿಸಲು ಹೋದವರು ಪಂಪನ ಕಾಲದ ರೂಪಕ್ಕೆ ತಲುಪಿದರು.

ಮಂಜುವಿನದು ಇನ್ನೊಂದು ಚೋದ್ಯ. ಮುತ್ಯಾ “ಮಂಜು ಅನ್ನು” ಅಂದನಲ್ಲ, ಆ ಹೆಸರಿನವರು ನಮ್ಮಲ್ಲಿ ಓಣಿಗೆ ಹತ್ತು ಜನ ಇದ್ದಾರೆ, ಆದರೆ ಅವರೆಲ್ಲ ಮಂಜುನಾಥ, ಮಂಜುಳಾಗಳ ಮಂಜು. ಅದು ಸಂಸ್ಕೃತದ ‘ಚೆಲುವಾದ’ ಎಂಬ ಮಂಜು. ಹೊಲದ ಮೇಲೆ ಕವಿಯುವ ಮಂಜಿಗೂ ಅದಕ್ಕೂ ಸಂಬಂಧವಿಲ್ಲ. ಉಚ್ಚಾರ ಒಂದೇ ಆದರೂ ಯಾರೂ ಈವರೆಗೆ ತೊಗರಿಯ ನೆಪ ಎತ್ತಿಲ್ಲ.

ಹಾಗೆಂದು ಎಲ್ಲ ನಿಸರ್ಗದ ಹೆಸರುಗಳನ್ನೂ ನಾನು ಒಪ್ಪುವುದಿಲ್ಲ. ಅಂತರ್ಜಾಲದ ಪಟ್ಟಿಗಳಲ್ಲಿ ಅರ್ಥವೂ ತಯಾರಾಗುತ್ತದೆ. ರೇಯಾಂಶ್ ಎಂದರೆ ಸೂರ್ಯನ ಅಂಶ ಎಂದು ಬರೆದಿರುತ್ತಾರೆ. ಅಂಶ ಸರಿ, ಸಂಸ್ಕೃತದಲ್ಲಿ ರೇಯಾ ಎಂಬ ಸೂರ್ಯ ಇಲ್ಲ. ಇಂಗ್ಲಿಷಿನ ರೇ, ಅಂದರೆ ಕಿರಣ, ಹಿಂಬಾಗಿಲಿನಿಂದ ಒಳಗೆ ಬಂದಂತೆ ಕಾಣುತ್ತದೆ. ವಿಹಾನ್ ಬೆಳಗು ಎಂಬುದು ನಿಜ, ಉತ್ತರದ ಹಳ್ಳಿಗಳ ಬಿಹಾನ್ ಅದು. ಆದರೆ ನನ್ನ ಒಂದೇ ತರಗತಿಯಲ್ಲಿ ಮೂವರು ವಿಹಾನರಿದ್ದರು, ಮೂವರ ತಂದೆತಾಯಿಗೂ ತಮ್ಮ ಮಗನ ಹೆಸರು ಅಪರೂಪದ್ದು ಎಂಬ ನಂಬಿಕೆ. ಹೆಸರು ಕೇಳಲು ಫೋನು ಮಾಡುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಮನೆಯಲ್ಲಿ ಅತಿ ಹಿರಿಯರಿಂದ ಮೂರು ಸಲ ಅನ್ನಿಸಿ ನೋಡ್ರಿ, ಅವರ ನಾಲಿಗೆ ತಿರುಗದ ಹೆಸರು ಬ್ಯಾಡ.

ಜಾತಕದವರಿಗೂ ಇಬ್ಬನಿ ತೊಂದರೆ ಕೊಡುವುದಿಲ್ಲ. ಇಪ್ಪತ್ತೇಳು ನಕ್ಷತ್ರ, ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರದಂತೆ 108 ಅಕ್ಷರಗಳ ಲೆಕ್ಕದಲ್ಲಿ ಇ ಬರುವುದು ಕೃತ್ತಿಕೆಯ ಎರಡನೆಯ ಪಾದಕ್ಕೆ. ನಮ್ಮ ಕೂಸಿನ ನಕ್ಷತ್ರ ಕೃತ್ತಿಕೆ ಅಲ್ಲ, ಆದರೆ ಶಾಸ್ತ್ರ ಹೇಳುವವರು ಹೆಸರು ಕೇಳಿ ಖುಷಿಯಾಗಿ ಬೇರೊಂದು ಜನ್ಮನಾಮ ಬರೆದುಕೊಟ್ಟು ದಾರಿ ಮಾಡಿದರು.

ತೊಂದರೆ ಬಂದದ್ದು ಕಚೇರಿಯಲ್ಲಿ. 1969ರ ಜನನ–ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. ಅದಾದ ಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸುವ ಅವಕಾಶವಿದೆ. ಹಿಂದೆ ಈ ಸಡಿಲು ನಮ್ಮ ಕಡೆ ಚೆನ್ನಾಗಿ ನಡೆಯುತ್ತಿತ್ತು. ತೊಟ್ಟಿಲಿನಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು, ಸಾಲಿಗೆ ಸೇರಿಸುವ ದಿನ ಮಾಸ್ತರ ಬರೆದುಕೊಂಡದ್ದು ಇನ್ನೊಂದು. ಹುಟ್ಟಿದ ದಿನ ಮಾತ್ರ ಎಲ್ಲರದೂ ಜೂನ್ 1. ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಆಧಾರ್, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಹೆಸರು ಈಗ ಒಮ್ಮೆ ಬಿದ್ದರೆ ಬಿದ್ದ ಹಾಗೆ. ಆದ್ದರಿಂದಲೇ ತಂದೆತಾಯಿಗಳು ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಕಿವಿಯಲ್ಲಿ ಕುರ್ರ್ ಅನ್ನುವ ಮೊದಲೇ ಇಂಗ್ಲಿಷಿನಲ್ಲಿ ಬರೆದು ನೋಡುತ್ತಾರೆ. ಸಣ್ಣ ಹೆಸರು, ನೇರ ಅಕ್ಷರ, ಬೇರೆ ರಾಜ್ಯದವರೂ ತಪ್ಪಿಲ್ಲದೆ ಓದಬೇಕು. ಶರಣಬಸಪ್ಪನ ಇಂಗ್ಲಿಷ್ ಅಕ್ಷರ ಮಾರ್ಕ್ಸ್ ಕಾರ್ಡಿನಲ್ಲೊಂದು, ಪಾನ್ ಕಾರ್ಡಿನಲ್ಲೊಂದು ಆಗಿ ಪಾಡುಪಟ್ಟ ತಲೆಮಾರು ಈಗ ತಂದೆತಾಯಿಯಾಗಿದೆ.

ಇಷ್ಟು ಎಚ್ಚರ ವಹಿಸಿಯೂ ನಮ್ಮ ಕೂಸಿನ ಪ್ರಮಾಣಪತ್ರ ಬಂದಾಗ ಕನ್ನಡದಲ್ಲಿ ‘ಇಬ್ಬಾನಿ’ ಎಂದಿತ್ತು, ಇಂಗ್ಲಿಷಿನಲ್ಲಿ ಒಂದೇ ಬಿ. ತಿದ್ದಿಸಲು ಅಳಿಯ ನಾಲ್ಕು ಸಲ ಓಡಾಡಿದ. ಕಂಪ್ಯೂಟರಿನ ಮುಂದಿದ್ದ ಹುಡುಗ ತನ್ನ ತಪ್ಪಿಗೆ ಕೊಟ್ಟ ಕಾರಣ ಮಾತ್ರ ಮಜವಾಗಿತ್ತು: “ಸರ್, ಭವಾನಿ ಇದ್ದಂಗ ಏನೋ ದೇವರ ಹೆಸರು ಇರಬೇಕಂತ ತಿಳ್ಕೊಂಡೆ.”

ಜನವರಿಯಲ್ಲಿ ಮತ್ತೆ ಆ ಊರಿಗೆ ಹೋಗಿದ್ದೆ. ಆ ವರ್ಷದ ಮಂಜು ದೊಡ್ಡ ಕಾಟ ಕೊಟ್ಟಿರಲಿಲ್ಲ, ತೊಗರಿ ರಾಶಿಯಾಗಿ ಅಂಗಳದಲ್ಲಿ ಚೀಲಗಳು ನಿಂತಿದ್ದವು. ಮುತ್ಯಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಂಜವ್ವಾ, ಮಂಜವ್ವಾ ಎಂದು ಮಾತಾಡಿಸುತ್ತಿದ್ದ. ಒಳಗಿನಿಂದ ಮುತ್ಯಾನ ಹೆಂಡತಿ ಇಬ್ಬವ್ವಾ ಎಂದು ಕೂಗುತ್ತಾ ಬಂದಳು. ಯಾವ ಹೆಸರನ್ನಾದರೂ ಅವ್ವ ಸೇರಿಸದೆ ಬಿಡುವವಳಲ್ಲ ಆಕೆ. ತಾಯಿ ಇಬ್ಬನೀ ಎಂದು ಎಳೆದು ಕರೆದಳು. ಕೂಸು ಯಾರ ಕಡೆಗೂ ತಿರುಗಲಿಲ್ಲ. ಯಾರೋ ಗಿಲಕಿ ಅಲ್ಲಾಡಿಸಿದರು, ಆ ಕಡೆ ನೋಡಿತು.